ಒಂದೇ ಪ್ಲಾಟ್‌ಫಾರ್ಮ್ ಮೇಲೆ ಹಲವು ಕಾರುಗಳನ್ನು ತಯಾರಿಸಿದರೂ ಐಷಾರಾಮಿ ಬ್ರ್ಯಾಂಡ್‌ನ ವರ್ಚಸ್ಸು ಉಳಿಯುವುದು ಹೇಗೆ?

ಖರೀದಿದಾರನ ಕಣ್ಣು, ಕೈ, ಕಿವಿಗೆ ನೇರವಾಗಿ ತಾಕದ ಭಾಗಗಳನ್ನು ಹಂಚಿಕೊಂಡು, ತಾಕುವುದನ್ನೆಲ್ಲ ಪ್ರತ್ಯೇಕವಾಗಿ ರೂಪಿಸುವುದರಿಂದ ಅದು ಉಳಿಯುತ್ತದೆ. ಪ್ಲಾಟ್‌ಫಾರ್ಮ್ ಎಂದರೆ ಕಾರಿನ ತಳದ ಚೌಕಟ್ಟು, ಸಸ್ಪೆನ್ಷನ್ ಜೋಡಣೆ, ವಿದ್ಯುತ್ ವ್ಯವಸ್ಥೆ ಮುಂತಾದವುಗಳ ಸಮೂಹ. ಅದನ್ನು ಅಭಿವೃದ್ಧಿಪಡಿಸುವ ಭಾರಿ ವೆಚ್ಚ ಹೆಚ್ಚು ಕಾರುಗಳಿಗೆ ಹಂಚಿಹೋದಷ್ಟೂ ಪ್ರತಿ ಕಾರಿನ ಮೇಲಿನ ಹೊರೆ ಇಳಿಯುತ್ತದೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಲೆಕ್ಕಾಚಾರ ಇನ್ನಷ್ಟು ಬಿಗಿಯಾಗುತ್ತದೆ, ಏಕೆಂದರೆ ಬ್ಯಾಟರಿ ದುಬಾರಿ. ಮೇಲಾಗಿ, ಎಂಜಿನ್ನಿನ ಸದ್ದು ಮತ್ತು ಸ್ವಭಾವದಿಂದ ಬ್ರ್ಯಾಂಡ್‌ಗೆ ದೊರೆಯುತ್ತಿದ್ದ ವೈಶಿಷ್ಟ್ಯ ಅಲ್ಲಿ ಇಲ್ಲವಾಗುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟವಿರುವುದು ಇಲ್ಲೇ. ಫೋಕ್ಸ್‌ವ್ಯಾಗನ್ ಸಮೂಹದ ಎರಡು ಎಲೆಕ್ಟ್ರಿಕ್ ಕಾರುಗಳಾದ 2019ರ ಪೋರ್ಷೆ ಟೈಕಾನ್ ಮತ್ತು 2021ರ ಆಡಿ ಇ-ಟ್ರಾನ್ ಜಿಟಿ ಒಂದೇ ಜೆ1 ಪ್ಲಾಟ್‌ಫಾರ್ಮ್ ಮೇಲೆ ನಿಂತಿವೆ. ಎರಡರಲ್ಲೂ ಬೇಗ ಚಾರ್ಜ್ ಆಗಲು ನೆರವಾಗುವ 800 ವೋಲ್ಟ್ ವ್ಯವಸ್ಥೆಯಿದೆ, ಹಿಂದೆ ಕೂತವರು ಪಾದ ಇಳಿಬಿಡಲು ಬ್ಯಾಟರಿಯ ನಡುವೆ ತಗ್ಗೂ ಇದೆ. ಆದರೆ ಟೈಕಾನ್‌ನಲ್ಲಿ ಬಾಗಿದ ಪರದೆ ಮತ್ತು ಪೋರ್ಷೆ ಸಂಪ್ರದಾಯದಂತೆ ಸ್ಟೀರಿಂಗ್‌ನ ಎಡಕ್ಕಿರುವ ಸ್ಟಾರ್ಟ್ ಬಟನ್ ಚಾಲಕನನ್ನು ಎದುರುಗೊಂಡರೆ, ಆಡಿಯನ್ನು ದೂರಪ್ರಯಾಣದ ಹಿತಕ್ಕೆ ಒಗ್ಗುವಂತೆ ಹದಗೊಳಿಸಲಾಗಿದೆ.

ಉಳಿದದ್ದು ಎಲೆಕ್ಟ್ರಿಕ್‌ಗೆ ಬದಲಾಗುವ ವೇಗದ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಪೋರ್ಷೆ, ತನ್ನ ಕಯೆನ್ ಎಸ್‌ಯುವಿಗಿಂತ ಮೇಲಿನ ದರ್ಜೆಯ ಹೊಸ ಎಸ್‌ಯುವಿಯನ್ನು ಆರಂಭದಲ್ಲಿ ಇಂಧನ ಎಂಜಿನ್ ಮತ್ತು ಚಾರ್ಜ್ ಮಾಡಬಹುದಾದ ಹೈಬ್ರಿಡ್ ರೂಪಗಳಲ್ಲಿ ಮಾತ್ರ ತರುವುದಾಗಿ ಪ್ರಕಟಿಸಿತು.