ಡಾಕ್ಟರನ್ನ ಕೇಳಿ: ಹಾರ್ಟ್‌ನ ನಾಳ ಕಲ್ಲಾಗಿದ್ರೆ ಸ್ಟೆಂಟ್ ಹಾಕೋದು ಹೇಗೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಪ್ಪಂಗೆ 68 ವರ್ಷ, ಶುಗರ್ ಬಂದು ಇಪ್ಪತ್ತು ವರ್ಷ ಆಯ್ತು. ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ ಅಂತಿದ್ರು, ಆಂಜಿಯೋಗ್ರಾಂ ಮಾಡ್ಸಿದ್ವಿ. ಒಂದು ನಾಳ 90% ಬ್ಲಾಕ್ ಆಗಿದೆ, ಕ್ಯಾಲ್ಸಿಯಂ ಕಟ್ಟಿ ಕಲ್ಲಾಗಿದೆ, ಬರೀ ಬಲೂನ್‌ಗೆ ತೆರ್ಯಲ್ಲ, ಶಾಕ್‌ವೇವ್ ಮಾಡ್ಬೇಕು ಅಂದ್ರು. ಕಿಡ್ನಿ ಕಲ್ಲು ಒಡೆಯೋದನ್ನ ಹಾರ್ಟ್‌ಗೂ ಮಾಡ್ತಾರಾ ಅಂತ ಅಮ್ಮ ಹೆದರಿದಾರೆ. ಎಲೆಅಡಿಕೆ ಜೊತೆ ಸುಣ್ಣ ತಿಂದಿದ್ದಕ್ಕೇ ಹೀಗಾಯ್ತು ಅಂತಾರೆ ದೊಡ್ಡಮ್ಮ, ನಿಜಾನಾ?
— ಓದುಗರು, ತಿಪಟೂರು

ಉತ್ತರ: ಮೊದ್ಲು ಸುಣ್ಣದ ವಿಷ್ಯ ಮುಗಿಸ್ಬಿಡೋಣ. ಎಲೆಗೆ ಹಚ್ಚಿದ ಸುಣ್ಣ ಹಾರ್ಟ್‌ಗೆ ಹೋಗಿ ಕೂರಲ್ಲ, ಹಾಲು ಮೊಸರಿನಿಂದಲೂ ಹೀಗಾಗಲ್ಲ. ನಾಳದ ಗೋಡೇಲಿ ಕೊಬ್ಬು ಸೇರಿ ವರ್ಷಗಟ್ಲೆ ಉರಿಯೂತ ಆಗಿ ಆಗಿ ಆ ಜಾಗ ಗಟ್ಟಿ ಆಗೋದು, ವಯಸ್ಸು, ಶುಗರ್, ಕಿಡ್ನಿ ತೊಂದ್ರೆ, ಬೀಡಿ ಸಿಗರೇಟು ಇದ್ದೋರಿಗೆ ಜಾಸ್ತಿ. ಆದ್ರೆ ಎಲೆ ಜೊತೆ ಹೊಗೆಸೊಪ್ಪು ಇದ್ರೆ ಅದನ್ನ ಇವತ್ತೇ ಬಿಡಿಸಿ.

ಈಗ ಕಲ್ಲಾದ ನಾಳದಲ್ಲಿ ಏನಾಗುತ್ತೆ ಅಂದ್ರೆ, ಬಲೂನ್ ಉಬ್ಬಿಸಿದಾಗ ಸ್ಕ್ರೀನ್ ಮೇಲೆ ಅದು ಡಮರುಗದ ಥರ ಕಾಣುತ್ತೆ, ಎರಡೂ ತುದಿ ಉಬ್ಬಿ ಮಧ್ಯೆ ಸೊಂಟ ಹಾಗೇ ಉಳ್ಕೊಳ್ಳುತ್ತೆ. ಪ್ರೆಶರ್ ಜಾಸ್ತಿ ಮಾಡ್ತಾ ಹೋದ್ರೆ ಮೆತ್ತಗಿರೋ ಕಡೆ ನಾಳ ಸೀಳೋ ಭಯ. ಹಾಗೇ ಸ್ಟೆಂಟ್, ಅಂದ್ರೆ ನಾಳ ತೆರೆದಿಡೋ ಪುಟ್ಟ ಜಾಲರಿ ಕೊಳವೆ, ಇಟ್ರೂ ಅದು ಪೂರ್ತಿ ಅರಳಲ್ಲ, ಅರಳದ ಸ್ಟೆಂಟ್‌ನಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟೋದು, ಬ್ಲಾಕ್ ಆಗೋದು ಜಾಸ್ತಿ. ಅದಕ್ಕೇ ಮೊದ್ಲು ಕಲ್ಲು ಒಡೀಬೇಕು, ಆಮೇಲೆ ಸ್ಟೆಂಟ್.

ಅಮ್ಮನಿಗೆ ಹೇಳಿ, ಶಾಕ್‌ವೇವ್ ಐಡಿಯಾ ಬಂದಿದ್ದು ಕಿಡ್ನಿ ಕಲ್ಲಿನ ಚಿಕಿತ್ಸೆಯಿಂದಾನೇ, ಆದ್ರೆ ಇಲ್ಲಿ ಎದೆ ಮೇಲೆ ಹೊರಗಿಂದ ಏನೂ ಹೊಡೆಯಲ್ಲ. ಮಣಿಕಟ್ಟಿನ ಅಥವಾ ತೊಡೆಯ ನಾಳದಿಂದ ತಂತಿ ಕಳ್ಸಿ ಅದರ ಮೇಲೆ ಒಂದು ಸಣ್ಣ ಬಲೂನ್ ತಗೊಂಡು ಹೋಗ್ತಾರೆ, ಬರೀ 4 ಅಟ್ಮಾಸ್ಫಿಯರ್ ಪ್ರೆಶರ್‌ಗೆ ಉಬ್ಬಿಸ್ತಾರೆ, ಒಳಗಿನ ನೀರಲ್ಲಿ ಪುಟ್ಟ ಕಿಡಿ ಹಾರಿ ಅದರಿಂದ ಶಬ್ದದ ಅಲೆ ಏಳುತ್ತೆ, ಸೆಕೆಂಡಿಗೊಂದರ ಹಾಗೆ ಒಂದ್ಸಲಕ್ಕೆ 10. ಮೆತ್ತಗಿನ ಭಾಗ ದಾಟ್ಕೊಂಡು ಹೋಗೋ ಆ ಅಲೆ ಗಟ್ಟಿ ಕ್ಯಾಲ್ಸಿಯಂನಲ್ಲಿ ಬಿರುಕು ಬಿಡಿಸುತ್ತೆ. ಬಿರುಕು ಬಿಟ್ಟಿದ್ದು ಗೋಡೆಯೊಳಗೇ ಉಳಿಯುತ್ತೆ, ನಾಳ ಮಾತ್ರ ಬಲೂನ್‌ಗೆ ಬಗ್ಗುತ್ತೆ. ಆ ಹೊತ್ತಲ್ಲಿ ಎದೆಬಡಿತ ಒಂದೆರಡು ತಾಳ ತಪ್ಪಬಹುದು, ನಿಲ್ಸಿದ್ ಕೂಡ್ಲೇ ಸರಿಹೋಗೋದೇ ಹೆಚ್ಚು. ಸಾಮಾನ್ಯವಾಗಿ ಪೇಶೆಂಟ್ ಎಚ್ಚರವಾಗೇ ಇರ್ತಾರೆ. ಅಮೆರಿಕದಲ್ಲಿ ಇದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ತು.

ಬಲೂನೇ ತೂರದಷ್ಟು ಸಂದು ಚಿಕ್ಕದಿದ್ರೆ ರೋಟಾಬ್ಲೇಟರ್ ಬೇಕಾಗುತ್ತೆ. ವಜ್ರದ ಪುಡಿ ಮೆತ್ತಿದ ಪುಟಾಣಿ ಗುಂಡು, ನಿಮಿಷಕ್ಕೆ ಸುಮಾರು ಒಂದೂವರೆ ಲಕ್ಷ ಸುತ್ತು ತಿರುಗಿ ಕ್ಯಾಲ್ಸಿಯಂ ಉಜ್ಜುತ್ತೆ, ಬರೋ ಪುಡಿ ಬಹುಪಾಲು ರಕ್ತಕಣಕ್ಕಿಂತ ಸಣ್ಣದು. ಹಳೇ ಪದ್ಧತಿ, ಒಳ್ಳೇದೇ, ಆದ್ರೆ ನಾಳ ತೂತಾಗೋ ರಿಸ್ಕ್ ಸ್ವಲ್ಪ ಇದೆ, ಕೈ ಪಳಗಿದೋರೇ ಮಾಡ್ಬೇಕು.

ಒಂದು ಮಾತು ಒತ್ತಿ ಹೇಳ್ತೀನಿ. ಒಂದೇ ನಾಳ ಅಂತ ನೀವು ಬರೆದಿದೀರ, ಹಾಗಾಗಿ ನಿಮ್ಮ ಡಾಕ್ಟ್ರು ಹೇಳಿದ್ದು ಸರಿಯಾಗೇ ಕಾಣುತ್ತೆ. ಅದೇ ಶುಗರ್ ಇದ್ದು ಮೂರೂ ನಾಳ ಕೆಟ್ಟಿದ್ರೆ ಬೈಪಾಸೇ ಮೇಲು, ಶುಗರ್ ಇದ್ದೋರಲ್ಲಿ ಸ್ಟೆಂಟನ್ನೂ ಬೈಪಾಸನ್ನೂ ಹೋಲಿಸಿ ನೋಡಿದ 2012ರ ‘ಫ್ರೀಡಂ’ ಅನ್ನೋ ಅಧ್ಯಯನ ಅದನ್ನ ಚೆನ್ನಾಗಿ ತೋರಿಸ್ತು, ಆಪರೇಷನ್ ತಪ್ಪಿಸ್ಕೊಳ್ಳೋಕೆ ಅಂತ ಸ್ಟೆಂಟ್ ಮೇಲೆ ಸ್ಟೆಂಟ್ ಹಾಕಿಸ್ಬೇಡಿ. ಆಂಜಿಯೋಗ್ರಾಂ ಸಿಡಿ ತಗೊಂಡು ಇನ್ನೊಬ್ಬ ಹೃದಯ ತಜ್ಞರಿಗೂ ತೋರ್ಸಿ, ಯಾರೂ ಬೇಜಾರು ಮಾಡ್ಕೊಳಲ್ಲ.

ಖರ್ಚು ಕೇಳ್ಕೊಳ್ಳಿ. ಸ್ಟೆಂಟ್‌ಗೆ 2017ರಿಂದ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ, ಆದ್ರೆ ಈ ಶಾಕ್‌ವೇವ್ ಬಲೂನಿನ ಖರ್ಚು ಸ್ಟೆಂಟ್ ಬಿಲ್ಲಿನ ಮೇಲೆ ಬೇರೆ ಬೀಳುತ್ತೆ. ಇನ್ಶೂರೆನ್ಸ್‌ನೋರ ಹತ್ರ ಮೊದ್ಲೇ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ. ಸ್ಟೆಂಟ್ ಹಾಕಿದ್ಮೇಲೆ ನಾಳದೊಳಗೆ ಕ್ಯಾಮೆರಾ ಥರದ್ದು ಬಿಟ್ಟು ಅರಳಿದ್ಯಾ ನೋಡ್ತೀರಾ ಅಂತ್ಲೂ ಕೇಳಿ, ಐವಸ್ ಇಲ್ಲಾ ಓಸಿಟಿ ಅಂತಾರೆ. ಆಮೇಲೆ ರಕ್ತ ತೆಳುವಾಗೋ ಎರಡು ಮಾತ್ರೆ ಕೊಡ್ತಾರೆ, ಹಲ್ಲು ಕೀಳಿಸೋಕೆ ಹೋದ್ರೂ ಹಾರ್ಟ್ ಡಾಕ್ಟ್ರನ್ನ ಕೇಳ್ದೆ ಅಪ್ಪ ಅದನ್ನ ಒಂದಿನವೂ ನಿಲ್ಸಬಾರ್ದು.