ಲೆನ್ಸಿಗೆ ಯಾವ ಗ್ರೀಸ್? ಎಷ್ಟು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಅಪ್ಪ ಬಳಸುತ್ತಿದ್ದ ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸ್ ಇದೆ. ಫೋಕಸ್ ರಿಂಗ್ ತಿರುಗಿಸಲು ಎರಡೂ ಕೈ ಬೇಕು. ಸ್ಕೂಟರಿಗೆಂದು ತಂದ ಎಪಿ-3 ಗ್ರೀಸ್ ಅರ್ಧ ಡಬ್ಬ ಉಳಿದಿದೆ. ಬಿಚ್ಚಿ ಅದನ್ನೇ ಹಾಕಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಎಪಿ-3 ಕೆಟ್ಟ ಗ್ರೀಸ್ ಅಂತಲ್ಲ, ಚಕ್ರದ ಬೇರಿಂಗಿಗೆ ಅದು ಸರಿಯಾದದ್ದೇ. ಗ್ರೀಸ್ ಅಂದರೆ ಎಣ್ಣೆ ಕುಡಿದ ಸ್ಪಂಜು ಇದ್ದ ಹಾಗೆ. ಎಪಿ-3ರಲ್ಲಿ ಲಿಥಿಯಂ ಸೋಪು ಸ್ಪಂಜು, ಅದರೊಳಗಿರುವುದು ಖನಿಜ ತೈಲ. ಬೇರಿಂಗ್ ಓಡುವಾಗ ಆ ಎಣ್ಣೆ ಚೂರುಚೂರೇ ಒಸರಬೇಕು, ಅದಕ್ಕೇ ಅಲ್ಲಿ ಗ್ರೀಸ್ ಹಾಕುವುದು. ಲೆನ್ಸಿನಲ್ಲಿ ಈ ಒಸರುವಿಕೆಯೇ ಕೇಡು. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಇಟ್ಟರೂ ಎಣ್ಣೆ ಥ್ರೆಡ್ (ರಿಂಗಿನ ಒಳಗಿನ ಸ್ಕ್ರೂವಿನಂಥ ಸುತ್ತುಗೀರು) ಬಿಟ್ಟು ಹೊರಟು, ಬೆಳಕಿನ ಕಿಂಡಿಯನ್ನು ಹಿರಿದು-ಕಿರಿದು ಮಾಡುವ ಅಪರ್ಚರ್ ಬ್ಲೇಡುಗಳವರೆಗೆ ಹರಿಯಬಹುದು. ಕಾಗದದಷ್ಟು ತೆಳುವಾದ ಆ ಬ್ಲೇಡುಗಳು ಒಣಗಿದ್ದರಷ್ಟೇ ಚುರುಕು. ಜಿಡ್ಡು ಹತ್ತಿದರೆ ಒಂದಕ್ಕೊಂದು ಅಂಟಿಕೊಂಡು, ಶಟರ್ ತೆರೆಯುವ ಹೊತ್ತಿಗೆ ಪೂರ್ತಿ ಮುಚ್ಚಿರುವುದಿಲ್ಲ. ಎಫ್/16ಕ್ಕೆ, ಅಂದರೆ ತೀರಾ ಕಿರಿದಾದ ಕಿಂಡಿಗೆ, ಇಟ್ಟು ತೆಗೆದ ಫೋಟೊ ಬೆಳ್ಳಗೆ ಸುಟ್ಟುಹೋಗುತ್ತದೆ. ಎಣ್ಣೆಯ ಹಗುರ ಭಾಗ ಆವಿಯಾಗಿ ಒಳಗಾಜಿನ ಮೇಲೆ ಮಂಜು ಕೂರುವುದು ಇನ್ನೊಂದು ತಾಪತ್ರಯ.

ಹಾಗಾದರೆ ಯಾವುದು? ಡಬ್ಬದ ಮೇಲಿನ ಎನ್‌ಎಲ್‌ಜಿಐ ನಂಬರನ್ನು ಮಾತ್ರ ನಂಬಿ ಕೊಳ್ಳಬೇಡಿ. ಅದು ಹೇಳುವುದು ಮೆದುತನ ಒಂದನ್ನೇ. 2ನೇ ನಂಬರ್ ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷೆಯ ಲೋಹದ ಕೋನ್ 5 ಸೆಕೆಂಡಿನಲ್ಲಿ 26.5ರಿಂದ 29.5 ಮಿ.ಮೀ. ಇಳಿಯುತ್ತದೆ, ಅಷ್ಟೆ. ಹಳೆಯ ಲೆನ್ಸ್ ತಿರುಗಿಸುವಾಗ ಕೈಗೆ ಸಿಗುವ ಆ ಹದವಾದ ಬಿಗಿ ಬರುವುದು ಒಳಗಿನ ಎಣ್ಣೆ ಎಷ್ಟು ಮಂದ ಎಂಬುದರಿಂದ. ಒಂದೇ ನಂಬರಿನ ಎರಡು ಗ್ರೀಸುಗಳಲ್ಲಿ ಒಂದು ಬೆಣ್ಣೆಯಂತೆ ಜಾರಿದರೆ ಇನ್ನೊಂದು ಜೋನಿ ಬೆಲ್ಲದಂತೆ ತಡೆಯಬಹುದು. ನಿಮಗೆ ಬೇಕಾದದ್ದು ಸಿಂಥೆಟಿಕ್ ಎಣ್ಣೆಯ ಡ್ಯಾಂಪಿಂಗ್ ಗ್ರೀಸ್, ಅಂದರೆ ತಿರುಗಿಸುವಾಗ ಹದವಾದ ತಡೆ ಕೊಡುವಂಥದ್ದು. ಫೋಕಸಿಗೆ ಗಾಜನ್ನು ಹಿಂದೆಮುಂದೆ ಸರಿಸುವ ಥ್ರೆಡ್ ಕೊಳವೆಗಳಿಗೆ ಹೆಲಿಕಾಯ್ಡ್ ಎನ್ನುತ್ತಾರೆ. ಹೆಲಿಕಾಯ್ಡ್ ಗ್ರೀಸ್ ಎಂಬ ಹೆಸರಿನಲ್ಲಿ ಚಿಕ್ಕ ಡಬ್ಬಿ, ಸಿರಿಂಜುಗಳಲ್ಲಿ ಆನ್‌ಲೈನ್ ಸಿಗುತ್ತದೆ. ಲೈಟ್, ಮೀಡಿಯಂ, ಹೆವಿ ಎಂದಿದ್ದರೆ 50 ಮಿ.ಮೀ.ಗೆ ಮೀಡಿಯಂ ಸಾಕು. ಥ್ರೆಡ್ ಸವೆದು ಅಲುಗಾಡುವ ದೊಡ್ಡ ಲೆನ್ಸಿಗೆ ಹೆವಿ. ಆಟೋಫೋಕಸ್ ಲೆನ್ಸಿಗೆ ಇದ್ಯಾವುದೂ ಬೇಡ, ಪುಟ್ಟ ಮೋಟಾರು ಆ ಬಿಗಿಯನ್ನು ಎಳೆಯಲಾರದೆ ಸೋಲುತ್ತದೆ.

ತಂದ ಗ್ರೀಸಿನ ಮೇಲೆ ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಬ್ಲಾಟಿಂಗ್ ಪೇಪರಿನ ಮೇಲೆ ಕಡಲೆಕಾಳಿನಷ್ಟು ಇಟ್ಟು, ಮುಚ್ಚಳ ಬೋರಲು ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ದಿನ ಬಿಡಿ. ಪಕ್ಕದಲ್ಲೇ ನಿಮ್ಮ ಎಪಿ-3ನ್ನೂ ಅಷ್ಟೇ ಇಡಿ. ಯಾವುದರ ಸುತ್ತ ಎಣ್ಣೆಯ ಉಂಗುರ ಅಗಲವಾಗಿ ಹರಡಿದೆಯೋ ಅದು ಲೆನ್ಸಿನ ಹತ್ತಿರ ಬರಕೂಡದು. ವ್ಯಾಸಲೀನ್ ಹಚ್ಚಿದರಾಯಿತು ಅನ್ನುವವರೂ ಈ ಪರೀಕ್ಷೆ ಮಾಡಿ ನೋಡಲಿ.

ಇನ್ನು ಕೆಲಸ. ಹಳೆಯ ಗ್ರೀಸಿನ ಮೇಲೆ ಹೊಸದು ಹಚ್ಚುವುದು ಬೇಡ, ಎರಡೂ ಕಲೆತು ಹಿಟ್ಟಾಗುತ್ತದೆ. ಹೆಲಿಕಾಯ್ಡ್ ಬಿಚ್ಚುವ ಮುಂಚೆ ಇನ್ಫಿನಿಟಿಯಲ್ಲಿ (ಬಹುದೂರದ ಫೋಕಸ್ ಗುರುತಿನಲ್ಲಿ) ನಿಲ್ಲಿಸಿ ಒಳ-ಹೊರ ಭಾಗಗಳ ಮೇಲೆ ಸೂಜಿಯಿಂದ ಒಂದು ಗೆರೆ ಎಳೆಯಿರಿ. ಆಮೇಲೆ ಮೆಲ್ಲಗೆ ತಿರುಗಿಸುತ್ತಾ, ಥ್ರೆಡ್ ಕಳಚಿಕೊಳ್ಳುವ ಕ್ಷಣದಲ್ಲಿ ನಿಂತು ಇನ್ನೊಂದು ಗೆರೆ. ಈ ಎರಡನೆಯ ಗೆರೆ ಮರೆತವರೇ ಜಾಸ್ತಿ. ಹೆಲಿಕಾಯ್ಡಿನಲ್ಲಿ ಥ್ರೆಡ್ ಶುರುವಾಗುವ ಬಾಯಿಗಳು ಹಲವಿರುತ್ತವೆ, ಸರಿಯಾದದ್ದು ಒಂದೇ. ತಪ್ಪು ಬಾಯಿಗೆ ಕೂರಿಸಿದರೂ ರಿಂಗ್ ನುಣ್ಣಗೆ ತಿರುಗುತ್ತದೆ, ದೂರದ ಚಾಮುಂಡಿ ಬೆಟ್ಟ ಮಾತ್ರ ಎಂದಿಗೂ ಫೋಕಸಿಗೆ ಬರುವುದಿಲ್ಲ.

ಗಾಜಿನ ಭಾಗಗಳನ್ನು ಬೇರೆ ತೆಗೆದಿಟ್ಟ ಮೇಲೆ, ಗಡಿಯಾರ ರಿಪೇರಿಯವರು ಬಳಸುವ ವೈಟ್ ಪೆಟ್ರೋಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಥ್ರೆಡ್ ಉಜ್ಜಿ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ. ಹಿತ್ತಾಳೆ ಇರುವಲ್ಲಿ ಹಳೆಯ ಜಿಡ್ಡು ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಮರದ ಟೂತ್‌ಪಿಕ್‌ನಿಂದ ಕೆರೆಯಿರಿ. ಪಿನ್ನು, ಬ್ಲೇಡು ತಾಗಿಸಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಸೀಮೆಎಣ್ಣೆ ಪಸೆ ಉಳಿಸುತ್ತದೆ, ಅಸಿಟೋನ್ ಬಣ್ಣದ ಅಂಕಿಗಳನ್ನೇ ಕರಗಿಸುತ್ತದೆ.

ಹೊಸ ಗ್ರೀಸ್ ಪ್ರತಿ ಥ್ರೆಡ್ ಭಾಗಕ್ಕೆ ಎರಡು ಅಕ್ಕಿಕಾಳಿನಷ್ಟು. ಬ್ರಷ್ಷಿನಿಂದ ಸುತ್ತ ತೆಳ್ಳಗೆ ಹರಡಿ, ಜೋಡಿಸಿ, ಹತ್ತಿಪ್ಪತ್ತು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ. ತುದಿಯಲ್ಲಿ ದಿಂಡಾಗಿ ಹೊರಬಂದದ್ದನ್ನು ಬಿಡದೆ ಒರೆಸಿ. ಬ್ಲೇಡಿನತ್ತ ಹೋಗುವುದು ಆ ದಿಂಡೇ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪುಗಳಲ್ಲಿ ಫೋಕಸ್ ಮಾಡಿ ಕೈ ಬಿಟ್ಟರೆ ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತಾನಾಗಿ ಕೆಳಕ್ಕೆ ಇಳಿಯುತ್ತದೆ. ಗಟ್ಟಿ ಗ್ರೀಸ್ ತುಂಬಿದರೆ ನಿಲ್ಲುತ್ತದೆಯೇ?
– ಲ್ಯಾಬ್ ಸಹಾಯಕರು, ಮಂಡ್ಯ

ಉತ್ತರ: ಇದು ಗ್ರೀಸಿನ ಕಾಯಿಲೆ ಅಲ್ಲ, ಟೆನ್ಷನ್ ಸಡಿಲವಾಗಿದೆ. ಕೋರ್ಸ್ ನಾಬಿನ (ಬೇಗ ಏರಿಸಿ ಇಳಿಸುವ ದೊಡ್ಡ ತಿರುಪಿನ) ಹಿಂದೆ ಬಿಗಿ ಹೊಂದಿಸುವ ರಿಂಗ್ ಇದ್ದರೆ ಅದನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ. ರಿಂಗ್ ಇಲ್ಲದ ಸಾದಾ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದು ಬದಿಯ ನಾಬನ್ನು ಹಿಡಿದುಕೊಂಡು ಇನ್ನೊಂದನ್ನು ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗ್ರೀಸ್ ತುಂಬಿ ನಿಲ್ಲಿಸಿದ್ದು ಡಿಸೆಂಬರಿನ ಬೆಳಗ್ಗೆ ನಿಂತು ಏಪ್ರಿಲ್ ಮಧ್ಯಾಹ್ನ ಮತ್ತೆ ಜಾರುತ್ತದೆ.

ಬಿಗಿ ಸರಿ ಇದ್ದೂ ಚಲನೆ ತಡೆತಡೆದು ಬಂದರೆ ಆಗ ಸ್ಟೇಜ್ ಏರಿಳಿಯುವ ಡವ್‌ಟೇಲ್ ಜಾರುದಾರಿಯ ಹಳೇ ಜಿಡ್ಡು ತೆಗೆದು, ಬೆರಳಲ್ಲಿ ಉಜ್ಜಿದರೆ ಹೊಳಪು ಮಾತ್ರ ಕಾಣುವಷ್ಟು ತೆಳ್ಳಗೆ ಹೊಸ ಗ್ರೀಸ್ ಹಚ್ಚಿ. ಹೊಲಿಗೆ ಯಂತ್ರದ ಎಣ್ಣೆ ಇಲ್ಲಿ ನಿಲ್ಲದೆ ಹರಿಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ವರ್ಷ ಕಳೆದರೆ ಅಂಟಾಗುತ್ತದೆ. ಫೈನ್ ನಾಬಿನ (ಸೂಕ್ಷ್ಮವಾಗಿ ಫೋಕಸ್ ಮಾಡುವ ತಿರುಪಿನ) ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. ಅಂದ ಹಾಗೆ, 100ಎಕ್ಸ್ ಆಬ್ಜೆಕ್ಟಿವ್ ಸುತ್ತ ಗಟ್ಟಿಯಾದ ಕಂದು ಜಿಡ್ಡು ಇದ್ದರೆ ಅದು ಗ್ರೀಸ್ ಇರಲಿಕ್ಕಿಲ್ಲ, ನೋಡಲೆಂದು ಸ್ಲೈಡಿನ ಮೇಲೆ ಹಾಕಿ ಯಾರೋ ಒರೆಸದೆ ಬಿಟ್ಟ ಸೀಡರ್‌ವುಡ್ ಎಣ್ಣೆ. ಲೆನ್ಸ್ ಪೇಪರಿಗೆ ಒಂದೇ ತೊಟ್ಟು ಕ್ಸೈಲೀನ್ ಹಾಕಿ ಒರೆಸಿ. ಹೆಚ್ಚಾದರೆ ಲೆನ್ಸಿನ ಅಂಟೇ ಬಿಡಬಹುದು.

ಪ್ರಶ್ನೆ: ರಂಗನತಿಟ್ಟಿಗೆ ಒಯ್ಯುವ 8x42 ಬೈನಾಕ್ಯುಲರಿನ ಫೋಕಸ್ ಚಕ್ರ ಕರಕರ ಅನ್ನುತ್ತಿದೆ. ಡಬ್ಲ್ಯುಡಿ-40 ಹೊಡೆಯಲೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಖಂಡಿತ ಬೇಡ. ಅದರಲ್ಲಿ ಹೆಚ್ಚಿನ ಪಾಲು ದ್ರಾವಕ. ಇದ್ದ ಗ್ರೀಸನ್ನೂ ತೊಳೆದು ಪ್ರಿಸಂ ಕಡೆಗೆ ಒಯ್ಯುತ್ತದೆ. ಕರಕರ ಅಂದರೆ ಮರಳು, ಧೂಳು. ಚಕ್ರವನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ಕಂಡಷ್ಟನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಸಾದಾ ಪೋರೋ ಮಾದರಿಯಾದರೆ (ಕೊಳವೆಗಳು ನೇರವಿರದೆ ಅಂಕುಡೊಂಕಾಗಿರುವಂಥದ್ದು) ಹೊರಗೆ ಕಾಣುವ ಸ್ಕ್ರೂ ಒರೆಸಿ ಸಾಸಿವೆಕಾಳಿನಷ್ಟು ಲೈಟ್ ಗ್ರೀಸ್ ಹಚ್ಚಬಹುದು. ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯಾದರೆ ಬಿಚ್ಚದೆ ಕಂಪನಿ ಸರ್ವಿಸಿಗೆ ಕಳಿಸಿ. ನಡುವಿನ ಹಿಂಜಿಗೆ ಕೈ ಹಾಕಿದರೆ ಎರಡು ಕೊಳವೆಗಳ ನೇರ ತಪ್ಪಿ ಒಂದು ಕೊಕ್ಕರೆ ಎರಡಾಗಿ ಕಾಣಬಹುದು.

ಪ್ರಶ್ನೆ: ಟೆಲಿಸ್ಕೋಪಿನ ಫೋಕಸರ್‌ಗೆ ಸಿಲಿಕೋನ್ ಗ್ರೀಸ್ ಆಗುತ್ತದೆಯೇ?
– ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಜಾರುವಲ್ಲಿ, ರಬ್ಬರ್ ಓ-ರಿಂಗಿಗೆ ಆಗುತ್ತದೆ. ಲೋಹದ ಮೇಲೆ ಲೋಹ ಉಜ್ಜುವಲ್ಲಿ ಅದು ಸವೆತ ತಡೆಯುವುದು ಕಡಿಮೆ. ಮೇಲಾಗಿ ತೆವಳಿಕೊಂಡು ಹರಡುತ್ತದೆ, ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ಅಗ್ಗದ ಟೆಲಿಸ್ಕೋಪುಗಳ ಫೋಕಸರಿನಲ್ಲಿ ಬರುವ ಅಂಟಂಟು ಗ್ರೀಸನ್ನು ಪೂರ್ತಿ ತೊಳೆದು, ಪಿಟಿಎಫ್‌ಇ (ಟೆಫ್ಲಾನ್) ಸೇರಿದ 2ನೇ ನಂಬರಿನ ಸಿಂಥೆಟಿಕ್ ಗ್ರೀಸನ್ನು ರ‍್ಯಾಕಿನ (ಫೋಕಸರ್ ಸರಿಸುವ ಹಲ್ಲುಪಟ್ಟಿಯ) ಹಲ್ಲಿಗೆ ಕಂಡೂ ಕಾಣದಷ್ಟು ಹಚ್ಚಿ. ನ್ಯೂಟೋನಿಯನ್ (ಕೊಳವೆಯ ತಳದಲ್ಲಿ ಕನ್ನಡಿ ಇರುವ ಟೆಲಿಸ್ಕೋಪ್) ಆದರೆ ಫೋಕಸರ್ ಬಿಚ್ಚುವ ಮುಂಚೆ ಕೊಳವೆಯನ್ನು ಅಡ್ಡ ಮಲಗಿಸಿ, ಫೋಕಸರಿನ ತೂತು ಪಕ್ಕಕ್ಕೆ ಬರಲಿ. ನಿಲ್ಲಿಸಿಕೊಂಡೇ ಬಿಚ್ಚಿದರೆ ಬಿದ್ದ ಸ್ಕ್ರೂ ನೇರ ಕನ್ನಡಿಯ ಮೇಲೆ.