ಚಿಕ್ಕ ಮಕ್ಕಳು, ಅಪ್ಪ-ಅಮ್ಮನ ಜೊತೆ ಇಟಲಿಯಲ್ಲಿ ಮೊದಲ ಬೀಚ್ ರಜೆ: ಎಲ್ಲಿಗೆ ಹೋಗಬೇಕು?

ನೀವು ಕೇಳಿರುವುದು ಇಷ್ಟು: ಮ್ಯೂನಿಕ್‌ನಲ್ಲಿದ್ದೀರಿ. ನಾಲ್ಕು ಮತ್ತು ಏಳು ವರ್ಷದ ಮಕ್ಕಳು, ಇಬ್ಬರಿಗೂ ಈಜು ಬರುವುದಿಲ್ಲ. ಜೂನ್ ಹೊತ್ತಿಗೆ ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಅಮ್ಮನಿಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು. ಅಮಾಲ್ಫಿ, ಚಿಂಕ್ವೆ ತೆರ್ರೆ, ಸಾರ್ಡೀನಿಯಾ, ಈ ಮೂರರಲ್ಲಿ ಯಾವುದು ಒಳ್ಳೆಯದು?

ಈ ಸಲ ಮೂರೂ ಬೇಡ ಅಂತಲೇ ಹೇಳುತ್ತೇನೆ. ಇಟಲಿಯ ಪೂರ್ವ ಕರಾವಳಿಯಲ್ಲಿರುವ ರಿಮಿನಿ ಕಡೆ ಬನ್ನಿ. ರಿಮಿನಿಯ ಗದ್ದಲ ಬೇಡ ಅನ್ನಿಸಿದರೆ ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಚೆಜೆನಾತಿಕೊ ಇದೆ. ನಾನು ಬೊಲೊನ್ಯಾದಲ್ಲಿರುವುದು, ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋಗುವುದು ಈ ಕಡಲಿಗೇ. ಹಾಗಾಗಿ ಇದರ ಒಳ್ಳೆಯದೂ ಕೊರತೆಯೂ ಎರಡೂ ಗೊತ್ತು.

ಮೊದಲ ಬೀಚ್ ರಜೆಗೆ ಊರು ಆರಿಸುವಾಗ ಫೋಟೋ ನೋಡಬೇಡಿ, ನೀರಿನ ಕೆಳಗೆ ಏನಿದೆ ಅಂತ ನೋಡಿ. ಅಮಾಲ್ಫಿ ಕಡೆ ಬೆಟ್ಟ ನೇರವಾಗಿ ಕಡಲಿಗೆ ಇಳಿಯುತ್ತದೆ. ಹೆಚ್ಚಿನ ಕಡೆ ಮರಳಿಗಿಂತ ಬೆಣಚುಕಲ್ಲೇ ಜಾಸ್ತಿ, ನೀರಿಗಿಳಿದ ಸ್ವಲ್ಪದರಲ್ಲೇ ಆಳ. ಪೊಸಿತಾನೊದಲ್ಲಂತೂ ಬೀಚ್‌ನಿಂದ ರೂಮಿಗೆ ಹೋಗುವುದೆಂದರೆ ಮೆಟ್ಟಿಲ ಮೇಲೆ ಮೆಟ್ಟಿಲು. ನಿಮ್ಮ ಅಮ್ಮ ಒಂದು ಸಲ ಹತ್ತಿದರೆ ಮತ್ತೆ ಕೆಳಗಿಳಿಯಲು ಒಪ್ಪುವುದಿಲ್ಲ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಲ್ಲಿ ಬೀಚ್ ಅನ್ನುವಂಥ ಬೀಚ್ ಇರುವುದು ಮೊಂತೆರೊಸ್ಸೊದಲ್ಲಿ ಮಾತ್ರ. ಉಳಿದವು ಬಂಡೆ, ಕಡಿದಾದ ದಾರಿ, ರೈಲು ತುಂಬ ಜನ. ನೋಡಲು ಅದ್ಭುತ, ನಿಜ. ಆದರೆ ಅದು ನಡೆದು ನೋಡುವವರ ಜಾಗ, ಬಕೆಟ್ ಹಿಡಿದು ಮರಳಲ್ಲಿ ಕೂರುವ ಮಕ್ಕಳದ್ದಲ್ಲ.

ಸಾರ್ಡೀನಿಯಾದ ನೀರಿನ ಬಣ್ಣಕ್ಕೆ ಇಟಲಿಯಲ್ಲಿ ಸಾಟಿ ಕಡಿಮೆ. ಸ್ತಿಂತಿನೊ ಹತ್ತಿರದ ಲಾ ಪೆಲೋಸಾ ಬೀಚ್ ಮಕ್ಕಳಿಗೂ ಚೆನ್ನ, ಆಳವಿಲ್ಲ. ಆದರೆ ವಿಮಾನ ಅಥವಾ ಹಡಗು, ಅಲ್ಲಿ ಹೋದ ಮೇಲೆ ಕಾರು, ಬೇಸಿಗೆಯಲ್ಲಿ ಬೀಚ್‌ಗೇ ಮುಂಗಡ ಬುಕಿಂಗ್. ಆರು ಜನರನ್ನು ಕಟ್ಟಿಕೊಂಡು ಮೊದಲ ಸಲವೇ ಇಷ್ಟು ಒದ್ದಾಟ ಯಾಕೆ? ಮಕ್ಕಳು ಈಜು ಕಲಿತ ಮೇಲೆ ಹೋಗಿ, ಆಗ ಆ ನೀರಿಗೆ ಬೆಲೆ.

ಈಗ ರಿಮಿನಿ. ಇಲ್ಲಿ ನುಣ್ಣನೆ ಮರಳು, ಸಪಾಟು ನೆಲ. ನೀರಿಗಿಳಿದು ಬಹಳ ದೂರ ನಡೆದರೂ ಸೊಂಟದ ಮಟ್ಟ ದಾಟುವುದಿಲ್ಲ. ಜೂನ್ ಅಂದರೆ ನಮ್ಮ ಮಲ್ಪೆ, ಮುರುಡೇಶ್ವರದಲ್ಲಿ ಮಳೆಗಾಲ, ನೀರಿಗೆ ಇಳಿಯಲೇ ಬಾರದು. ಅದನ್ನು ನೋಡಿ ಬೆಳೆದ ಅಪ್ಪ-ಅಮ್ಮನಿಗೆ ಇಲ್ಲಿನ ಕಡಲು ಕೆರೆಯಷ್ಟು ಸುಮ್ಮನಿದೆ ಅನ್ನಿಸಬಹುದು. ಹಾಗಂತ ಮೈಮರೆಯಬೇಡಿ. ಹಲವು ಕಡೆ ಅಲೆ ತಡೆಯಲು ದಡದಿಂದಾಚೆ ಬಂಡೆಗಳ ಸಾಲು ಹಾಕಿದ್ದಾರೆ. ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಆಳವೂ ಸೆಳೆತವೂ ಇರುತ್ತದೆ, ಮಕ್ಕಳನ್ನು ಆ ಕಡೆ ಬಿಡಲೇಬೇಡಿ. ಕೆಂಪು ಬಾವುಟ ಏರಿದ ದಿನ ಮರಳಾಟ ಮಾತ್ರ. ಇನ್ನೊಂದು, ತ್ರಾಚಿನಾ ಅನ್ನುವ ಸಣ್ಣ ಮೀನು ಆಳವಿಲ್ಲದ ಕಡೆ ಮರಳಲ್ಲಿ ಹೂತುಕೊಂಡಿರುತ್ತದೆ, ತುಳಿದರೆ ಮುಳ್ಳು ಚುಚ್ಚಿ ವಿಪರೀತ ನೋವು. ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಟ್ಟರೆ ವಿಷದ ಕಸುವು ಇಳಿಯುತ್ತದೆ. ಮಕ್ಕಳಿಗೆ ರಬ್ಬರ್ ಬೀಚ್ ಚಪ್ಪಲಿ ಹಾಕಿಸಿದರೆ ಈ ಚಿಂತೆ ಮುಕ್ಕಾಲು ಪಾಲು ಕಡಿಮೆ.

ಇಲ್ಲಿ 1843ರಿಂದಲೇ ಬೀಚ್ ವ್ಯವಸ್ಥೆ ನಡೆದುಬಂದಿದೆ, ಅದು ಕಾಣುತ್ತದೆ. ದಡವನ್ನು 'ಬಾನ್ಯೊ'ಗಳಾಗಿ ಹಂಚಿ ನಂಬರ್ ಕೊಟ್ಟಿದ್ದಾರೆ. ಒಂದು ಬಾನ್ಯೊದಲ್ಲಿ ಛತ್ರಿ, ಮಲಗುವ ಕುರ್ಚಿ ಬಾಡಿಗೆಗೆ ಸಿಗುತ್ತವೆ. ಶೌಚಾಲಯ, ಸ್ನಾನದ ನಲ್ಲಿ, ಮಕ್ಕಳ ಉಯ್ಯಾಲೆ, ಕಾಫಿ ಎಲ್ಲ ಕೈಗೆಟಕುವಷ್ಟು ಹತ್ತಿರ. ವಯಸ್ಸಾದವರು ಜೊತೆಗಿದ್ದಾಗ ಇದು ದೊಡ್ಡ ನೆಮ್ಮದಿ. ಕಡಲಿಗೆ ತಾಗಿದ ಮೊದಲ ಸಾಲಿನ ಛತ್ರಿಗೆ ದರ ಜಾಸ್ತಿ. ಎಷ್ಟೋ ಹೋಟೆಲುಗಳಿಗೆ ಒಂದಲ್ಲ ಒಂದು ಬಾನ್ಯೊ ಜೊತೆ ಒಪ್ಪಂದ ಇರುತ್ತದೆ, ರೂಮು ಬುಕ್ ಮಾಡುವಾಗಲೇ ಕೇಳಿ. ಲಿಫ್ಟ್ ಇದೆಯಾ ಅಂತಲೂ ಕೇಳಿ. ಏಳು ವರ್ಷದವನಿಗೆ ಬಾನ್ಯೊ ನಂಬರ್ ಬಾಯಿಪಾಠ ಮಾಡಿಸಿ. ಛತ್ರಿಗಳೆಲ್ಲ ಒಂದೇ ಥರ, ಮಕ್ಕಳು ತಪ್ಪಿಸಿಕೊಳ್ಳುವುದು ಸಾಮಾನ್ಯ. ದಡದುದ್ದಕ್ಕೂ ಇರುವ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ.

ಕೊರತೆಯನ್ನೂ ಹೇಳಿಬಿಡುತ್ತೇನೆ. ನೀರು ಪೋಸ್ಟ್‌ಕಾರ್ಡ್‌ನ ನೀಲಿ ಅಲ್ಲ, ಮರಳು ಕಲಕಿದ ಹಸಿರು. ಛತ್ರಿಗಳ ಸಾಲು ಕಣ್ಣು ಹಾಯಿಸಿದಷ್ಟು ದೂರ. ಏಕಾಂತ ಬೇಕಾದವರಿಗೆ ಇದು ಆಗಿಬರುವುದಿಲ್ಲ. ಕಡಲು ಪೂರ್ವಕ್ಕಿರುವುದರಿಂದ ಸೂರ್ಯಾಸ್ತವೂ ನೀರಿನ ಮೇಲೆ ಕಾಣುವುದಿಲ್ಲ. ಸೂರ್ಯೋದಯ ಕಾಣುತ್ತದೆ. ಬೇಗ ಏಳುವ ಅಪ್ಪ-ಅಮ್ಮನಿಗೆ ಅದೇ ಒಳ್ಳೆಯದು, ಅಲ್ವಾ?

ಊಟದ ವಿಷಯ ಸ್ವಲ್ಪ ಗಮನ ಕೊಡಿ. ಇಲ್ಲಿ ಎಲ್ಲೆಲ್ಲೂ ಸಿಗುವ ಪಿಯಾದಿನಾ ಅನ್ನುವ ರೊಟ್ಟಿ ನೋಡಲು ಪಕ್ಕಾ ಸಸ್ಯಾಹಾರ. ಆದರೆ ಹಳೆಯ ಪದ್ಧತಿಯಲ್ಲಿ ಹಿಟ್ಟು ಕಲಸುವುದೇ ಹಂದಿ ಕೊಬ್ಬು ಹಾಕಿ. ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ, 'ಸೆಂತ್ಸಾ ಸ್ತ್ರುತ್ತೊ' (ಹಂದಿ ಕೊಬ್ಬಿಲ್ಲದ್ದು) ಅಂತ ಕೇಳಿ ತೆಗೆದುಕೊಳ್ಳಿ. ಒಳಗೆ ಸ್ಕ್ವಾಕ್ವೆರೋನೆ ಅನ್ನುವ ಮೆತ್ತನೆ ಚೀಸ್, ಸೊಪ್ಪು ಹಾಕಿಸಿದರೆ ಮಕ್ಕಳೂ ತಿನ್ನುತ್ತಾರೆ. ರಿಸೊತ್ತೊ ಅನ್ನುವ ಅನ್ನದ ಅಡುಗೆಯನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಅದನ್ನೂ ಕೇಳಿ. ಅಪ್ಪನಿಗೆ ರಾತ್ರಿ ಅನ್ನ-ಸಾರು ಬೇಕೇ ಬೇಕು ಅಂದರೆ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ನಾನಾದರೆ ಅದನ್ನೇ ಮಾಡುತ್ತಿದ್ದೆ.

ಮೋಡ ಕವಿದ ದಿನಕ್ಕೂ ಇಲ್ಲಿ ಕೆಲಸವಿದೆ. ರಿಮಿನಿ ಪೇಟೆಯಲ್ಲಿ ಕ್ರಿ.ಶ. 21ರಲ್ಲಿ ಕಟ್ಟಿ ಮುಗಿಸಿದ ತಿಬೇರಿಯಸ್ ಸೇತುವೆ ಇದೆ, ಜನ ಈಗಲೂ ಅದರ ಮೇಲೆ ಓಡಾಡುತ್ತಾರೆ. ನಿಮ್ಮ ಅಪ್ಪನಿಗೆ ಖಂಡಿತ ಹಿಡಿಸುತ್ತದೆ. ರವೆನ್ನಾದ ಮೊಸಾಯಿಕ್ ಚರ್ಚುಗಳಿಗೆ ರೈಲಿದೆ, ಸಾನ್ ಮರೀನೊಗೆ ಬಸ್ಸಿದೆ. ಚೆಜೆನಾತಿಕೊದಲ್ಲಿ ಉಳಿದರೆ ಸಂಜೆ ಕಾಲುವೆ ದಂಡೆ ಸಾಕು, ಬಣ್ಣದ ಹಾಯಿಯ ಹಳೆಯ ದೋಣಿಗಳು ಅಲ್ಲೇ ನಿಂತಿರುತ್ತವೆ, ನೆಲವೂ ಮಟ್ಟಸ.

ಬರುವುದು ಸುಲಭ. ಮ್ಯೂನಿಕ್‌ನಿಂದ ಆಲ್ಪ್ಸ್ ದಾಟುವ ಬ್ರೆನ್ನರ್ ದಾರಿಯಲ್ಲಿ ಬೊಲೊನ್ಯಾಗೆ ನೇರ ರೈಲಿದೆ. ಅಲ್ಲಿ ಬದಲಿಸಿದರೆ ರಿಮಿನಿ ಒಂದು-ಒಂದೂವರೆ ಗಂಟೆ. ಕಾರಲ್ಲೇ ಬರುವುದಾದರೆ, ಅಷ್ಟು ದೂರ ಬೇಡ ಅನ್ನಿಸಿದರೆ, ವೆನಿಸ್‌ನ ಆಚೆಗಿರುವ ಬಿಬಿಯೋನೆ, ಲಿನ್ಯಾನೊ ನಿಮಗೆ ಇನ್ನೂ ಹತ್ತಿರ. ಅಲ್ಲೂ ಇದೇ ಥರದ ಮರಳು, ಇದೇ ಥರದ ಆಳವಿಲ್ಲದ ನೀರು.

ದಿನಾಂಕ ಗೊತ್ತುಮಾಡುವ ಮುಂಚೆ ದೊಡ್ಡ ಮಗುವಿನ ಶಾಲೆ ಕ್ಯಾಲೆಂಡರ್ ನೋಡಿ. ಬವೇರಿಯಾದಲ್ಲಿ ಬೇಸಿಗೆ ರಜೆ ಶುರುವಾಗುವುದೇ ತಡವಾಗಿ, ಜೂನ್ ಅಂದರೆ ನಿಮಗೆ ಸಿಗುವುದು ಎರಡು ವಾರದ ಫಿಂಗ್‌ಸ್ಟನ್ (ಪೆಂತೆಕೊಸ್ತ್ ಹಬ್ಬದ) ರಜೆ. ಅದು ಕೆಲವು ವರ್ಷ ಮೇ ಕೊನೆಗೇ ಬಂದುಬಿಡುತ್ತದೆ, ಆಗ ನೀರು ಇನ್ನೂ ತಣ್ಣಗಿರುತ್ತದೆ. ಜೂನ್ ಮಧ್ಯದಲ್ಲಿ ಬಂದರೆ ತುಂಬಾ ಚೆನ್ನ. ಯಾವುದೇ ಕಾರಣಕ್ಕೂ ಆಗಸ್ಟ್ 15ರ ಆಸುಪಾಸಿಗೆ ಮುಂದೂಡಬೇಡಿ, ಇಡೀ ಇಟಲಿ ಆ ವಾರ ಕಡಲಿಗೆ ಬಂದಿರುತ್ತದೆ, ದರವೂ ಏರಿರುತ್ತದೆ. ಈ ವರ್ಷ ನಿಮ್ಮ ರಜೆ ಯಾವ ವಾರಗಳಲ್ಲಿ ಬೀಳುತ್ತದೆ ಅಂತ ಕೆಳಗೆ ಬರೆಯಿರಿ. ರಿಮಿನಿಯೋ ಚೆಜೆನಾತಿಕೊವೋ, ಯಾವ ಭಾಗದಲ್ಲಿ ಮನೆ ಹಿಡಿಯಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.